ಬೆಳಕು ಬಿದ್ದಲ್ಲಿ ಮಾತ್ರ

ಅಮ್ಮಾ,

ಇವತ್ತು ನಮ್ಮ ವಾರ್ಡಿನಲ್ಲಿ ಒಂದು ಹೊಸ ಔಷಧಿಯನ್ನು ಮೊದಲ ಬಾರಿಗೆ ಕೊಟ್ಟೆವು. ಅದು ಮೈಯೆಲ್ಲ ಹರಿದಾಡಿದರೂ ಸುಮ್ಮನಿರುತ್ತದೆ. ನೋವಿರುವ ಜಾಗಕ್ಕೆ ಬೆಳಕು ಬಿಟ್ಟರೆ ಅಲ್ಲಿ ಮಾತ್ರ ಕೆಲಸ ಮಾಡುತ್ತದೆ. ತಲೆಗೆ ಮಂಪರು ಹತ್ತುವುದಿಲ್ಲ.

ರೋಗಿ ಒಬ್ಬ ಮುದುಕ ಬಡಗಿ. ನಿನಗಿದ್ದ ಹಾಗೆಯೇ ಮೂಳೆಯ ಕ್ಯಾನ್ಸರ್, ಅವರಿಗೆ ಮೊಣಕಾಲಿನಲ್ಲಿ. ನೀಲಿ ದೀಪ ಹಾಕಿದವಳು ನಾನೇ. ಇಪ್ಪತ್ತು ನಿಮಿಷಕ್ಕೆ ಹಲ್ಲು ಕಚ್ಚಿಕೊಂಡಿದ್ದ ಮುಖ ಸಡಿಲವಾಯಿತು. ಆಮೇಲೆ ಮಾತು ಶುರು ಮಾಡಿದರು ನೋಡು, ನಿಲ್ಲಿಸಲೇ ಇಲ್ಲ.

"ಸಾಕಪ್ಪಾ, ಸ್ವಲ್ಪ ಮಲಗು," ಎಂದಳು ಪಕ್ಕದಲ್ಲಿದ್ದ ಅವರ ಮಗಳು.

"ಮಲಗೋಕೆ ಮುಂದೆ ಬೇಕಾದಷ್ಟು ಟೈಮಿದೆ ಕಣೆ. ನಿನ್ನ ಗಂಡ ಮಾಡಿಸಿದ್ದು ಬಾಗಿಲೋ, ರಟ್ಟೋ? ಅದನ್ನ ಹೇಳು ಮೊದ್ಲು."

ನಾನು ಪರದೆಯ ಆಚೆ ಹೋಗಿ ನಿಂತೆ.

ನಿನ್ನ ಕೊನೆಯ ದಿನಗಳಲ್ಲಿ, ಆ ಮಧ್ಯಾಹ್ನ, ನೀನು ನನ್ನ ಕೈ ಹಿಡಿದು, "ಇಲ್ಲಿ ಕೂತ್ಕೊ, ನಿಂಗೊಂದು ಮಾತು ಹೇಳ್ಬೇಕು," ಎಂದಿದ್ದೆ. ನಿನ್ನ ನರಳಾಟ ಕೇಳಿ ಕೇಳಿ ನನಗೆ ಸಾಕಾಗಿಹೋಗಿತ್ತು. "ನಾಳೆ ಹೇಳಮ್ಮಾ," ಎಂದು ಮಾರ್ಫಿನ್ ಸೂಜಿ ಚುಚ್ಚಿದೆ. ನೀನು ಮೂರು ದಿನ ನಿದ್ದೆಯಲ್ಲೇ ಇದ್ದು ಹೊರಟುಹೋದೆ.

ಡೋಸ್ ಹೆಚ್ಚಿಸಿದ್ದು ಡಾಕ್ಟರು ಎಂದು ಅಣ್ಣ ಇಂದಿಗೂ ನಂಬಿದ್ದಾನೆ. ಡಾಕ್ಟರು, "ಇನ್ನೊಂದು ದಿನ ನೋಡೋಣ, ಮಾತಾಡ್ತಿದ್ದಾರಲ್ಲ," ಎಂದಿದ್ದರು. ಹಟ ಹಿಡಿದು ಬರೆಸಿಕೊಂಡವಳು ನಾನು.

ಸಂಜೆ ಬಡಗಿಯ ಮಗಳು ಹೊರಗೆ ಬಂದು ನನಗೆ ಕೈಮುಗಿದಳು. "ನಿಮ್ಮಿಂದ ತುಂಬಾ ಉಪಕಾರ ಆಯ್ತು ಅಕ್ಕಾ," ಎಂದಳು.

ನಾನು ಅವಳ ಮೇಲೆ ರೇಗಿಬಿಟ್ಟೆ. "ಇಲ್ಲೇನ್ ಮಾಡ್ತಿದ್ದೀರಿ? ಒಳಗೆ ಹೋಗಿ, ಅವರೇನ್ ಹೇಳ್ತಾರೋ ಕೇಳಿಸ್ಕೊಳ್ಳಿ."