ಫಿಲೊಮೆನಾ ತಂದ ಕುರ್ಚಿ

ಪೆನ್ಸಿಲ್ವೇನಿಯಾ
೧೪ ಅಕ್ಟೋಬರ್ ೧೯೫೮

ಪ್ರೀತಿಯ ಮಗಳು ರೊಸಾಲ್ಬಾಗೆ ಅಮ್ಮನ ಮುತ್ತುಗಳು.

ಅಕ್ಷರ ನೋಡಿ ಗಾಬರಿಯಾಗಬೇಡ. ಕನ್ನಡಕ ಒಡೆದಿದೆ, ನಾನು ಹೇಳುತ್ತಿದ್ದೇನೆ, ಪಕ್ಕದ ಮನೆಯ ಕೊಂಚೆಟ್ಟಾ ಬರೆಯುತ್ತಿದ್ದಾಳೆ. ನಾನು ಗುಂಡುಕಲ್ಲಿನ ಹಾಗಿದ್ದೇನೆ.

ನಮ್ಮ ಫ್ರಾಕ್ ಕಾರ್ಖಾನೆಯ ಬೋರ್ಡಿನಲ್ಲಿ ಯಾರ ಹೆಸರಿದ್ದರೇನು, ನಡೆಸುವವನು ಡಾನ್ ಕಲೋಜೆರೊ ಎಂದು ಊರಿಗೆಲ್ಲ ಗೊತ್ತು. ಯೂನಿಯನ್ ಸೇರಿದವಳಿಗೆ ಮಾರನೆಯ ದಿನ ಕೆಲಸವಿಲ್ಲ. ಅದಕ್ಕೇ ಮುಷ್ಕರ. ನ್ಯೂಯಾರ್ಕಿನಿಂದ ಕತ್ತರಿಸಿದ ಬಟ್ಟೆ ತರುವ ಲಾರಿ ಒಳಗೆ ಹೋದರೆ, ಹೊರಗಿನವರನ್ನು ಕೂರಿಸಿ ಹೊಲಿಸುತ್ತಾರೆ, ನಮ್ಮ ಕಥೆ ಮುಗಿಯಿತು. ಹನ್ನೆರಡು ದಿನದಿಂದ ನಾವು ಗೇಟು ಬಿಟ್ಟು ಕದಲಿಲ್ಲ.

ಡಾನ್‌ನ ಹುಡುಗರು ಎದುರಿಗೇ ನಿಂತು ಬಾಯಿಗೆ ಬಂದಂತೆ ಆಡುತ್ತಿದ್ದರು. "ಏನ್ರೇ, ನಿಮ್ ಗಂಡಂದ್ರು ಮನೇಲಿ ಪಾತ್ರೆ ತೊಳೀತಾ ಇದಾರಾ?" ಎಂದ ಒಬ್ಬ. "ಹೂಂ ಕಣಪ್ಪ, ಕಲ್ಲಿದ್ದಲು ಗಣಿ ಮುಚ್ಚಿದ್ಮೇಲೆ ಅವ್ರೇ ತೊಳೀತಿರೋದು. ನೀನೂ ಕಲ್ತ್ಕೋ, ಮದ್ವೆ ಆಗೋನು" ಎಂದೆ. ಅವರ ಕಡೆಯವರೂ ನಕ್ಕುಬಿಟ್ಟರು. ನಗದೆ ನಿಂತವನು ಅವರ ಮುಂದಾಳು ಸಾರೊ ಒಬ್ಬನೇ. ನಮ್ಮ ಫಿಲೊಮೆನಾಳ ಮಗ, ಚರ್ಚಿನಲ್ಲಿ ಜ್ಞಾನಸ್ನಾನದ ದಿನ ಜ್ಞಾನತಾಯಿಯಾಗಿ ನಾನೇ ಎತ್ತಿಕೊಂಡಿದ್ದ ಕೂಸು. ಅಂದಿನಿಂದ ಅವನಿಗೆ ನಾವಿಬ್ಬರೂ ತಾಯಂದಿರೇ.

ಮಗನ ಮಾತೆತ್ತಿದರೆ ಫಿಲೊಮೆನಾ ಕದ ಹಾಕಿಕೊಳ್ಳುತ್ತಿದ್ದುದು ನಿನಗೆ ಗೊತ್ತಲ್ಲ. ಅಂಥವಳು ನಿನ್ನೆ ಬೆಳಿಗ್ಗೆ ಅಡುಗೆಮನೆಯ ಕುರ್ಚಿ ಹೊತ್ತು ಬಂದಳು. ಗೇಟಿನ ಮುಂದೆ ರಸ್ತೆಯ ನಡುವೆ ಹಾಕಿ ಕೂತು, ಮಡಿಲಲ್ಲಿ ಬೀನ್ಸ್ ಸುರಿದುಕೊಂಡು ಕಾಳು ಬಿಡಿಸತೊಡಗಿದಳು. ಲಾರಿ ಬಂದು ಹಾರನ್ ಹೊಡೆಯಿತು.

"ಅಮ್ಮಾ, ಏಳಮ್ಮ, ಜನ ನೋಡ್ತಾ ಇದಾರೆ" ಎಂದ ಸಾರೊ.

"ನೋಡ್ಲಿ ಬಿಡು. ನನ್ ಮೇಲೇ ಹತ್ತಿಸ್ಕೊಂಡು ಹೋಗೋಕೆ ಹೇಳು" ಎಂದಳು, ತಲೆಯೆತ್ತದೆ.

ಸ್ವಲ್ಪ ಹೊತ್ತಿನಲ್ಲೇ ಉಳಿದ ಹುಡುಗರ ತಾಯಂದಿರೂ ಕುರ್ಚಿ ತಂದು ಹಾಕಿದರು. ಲಾರಿ ಬಂದ ದಾರಿಗೆ ಸುಂಕವಿಲ್ಲದಂತೆ ತಿರುಗಿ ಹೋಯಿತು, ಇವತ್ತೂ ಬಂದಿಲ್ಲ. ಮ್ಯಾನೇಜರ್ ಮಾತುಕತೆಗೆ ಕರೆದಿದ್ದಾನೆ. ನಾವು ಗೆದ್ದೇ ಗೆಲ್ಲುತ್ತೇವೆ, ಬರೆದಿಟ್ಟುಕೋ. ನೀನು ಕೆಲಸ ಬಿಟ್ಟು ಓಡಿ ಬರಬೇಡ.

ನಿನ್ನ ಅಮ್ಮ,
ಅಸುಂತಾ

ತಾ. ಕ.: ಇದು ಕೊಂಚೆಟ್ಟಾ ಚಿಕ್ಕಮ್ಮ, ನಿನ್ನಮ್ಮನಿಗೆ ತಿಳಿಸದೆ ಬರೆಯುತ್ತಿರುವುದು. ಕನ್ನಡಕ ಚೆನ್ನಾಗೇ ಇದೆ. ಕಳೆದ ಗುರುವಾರ ಸಾರೊ ಅವಳ ಬಲಗೈ ಮೇಲೆ ಕಾರಿನ ಬಾಗಿಲು ಬಡಿದ, ನಾನು ಕಣ್ಣಾರೆ ಕಂಡೆ. ಮೂರು ಬೆರಳು ಮುರಿದಿವೆ. ನಿನ್ನಮ್ಮ ಪೊಲೀಸರಿಗೂ ಅವನ ಹೆಸರು ಹೇಳಲಿಲ್ಲ. ಭಾನುವಾರ ಚರ್ಚಿನಲ್ಲಿ ಫಿಲೊಮೆನಾ ಆ ಕೈ ಹಿಡಿದು "ಯಾರೇ ಮಾಡಿದ್ದು?" ಎಂದಾಗಲೂ, "ನಾನೇ ಬಿದ್ದೆ" ಎಂದಳು, ಮುಖ ಬೇರೆ ಕಡೆ ತಿರುಗಿಸಿ. ಫಿಲೊಮೆನಾಗೆ ಅಷ್ಟೇ ಸಾಕಾಯಿತು. ಮಾರನೆಯ ಬೆಳಿಗ್ಗೆಯೇ ಅವಳು ಕುರ್ಚಿ ಹೊತ್ತು ಬಂದದ್ದು.