ತಂಗಿಯ ಪುಟ ತೆರೆಯುತ್ತಿಲ್ಲ

ಜೂನ್ 3, ಬೆಳಿಗ್ಗೆ

ಮೇಲಿನ ದವಡೆಯ ಕಟ್ಟುಹಲ್ಲಿನ ಸೆಟ್ ಮುಗಿಯಿತು. ಕೆಳಗಿನದಕ್ಕೆ ಹಲ್ಲು ಕೂರಿಸಬೇಕು, ಮೇಣ ಇನ್ನೂ ಬೆಚ್ಚಗಿದೆ. ಮಧ್ಯಾಹ್ನದೊಳಗೆ ಕ್ಲಿನಿಕ್ಕಿಗೆ ಕಳಿಸಬೇಕು. ನಲ್ಲಿ ನೀರು ಇವತ್ತೂ ನಾತ. ಪ್ಲಾಸ್ಟರ್ ಕಲೆಸುವುದಕ್ಕೂ ಮನಸ್ಸಾಗುವುದಿಲ್ಲ.

ಪತ್ರಕರ್ತೆ ತಂಗಿಯ ಇಂಟರ್‌ನೆಟ್ ಸುದ್ದಿ ಪುಟ ಮತ್ತೆ ತೆರೆಯಲಿಲ್ಲ. ಅವಳು ನಮ್ಮ ಬೀದಿಯ ನೀರಿನ ಬಗ್ಗೆ ಬರೆದದ್ದೇ ತಡ, ಕಂಪ್ಯೂಟರಿನಲ್ಲಿ ಒಂದೇ ಸಾಲು — "ಆದೇಶದ ಮೇರೆಗೆ ಈ ಪುಟ ಲಭ್ಯವಿಲ್ಲ." ಯಾರ ಆದೇಶ? ಹೆಸರಿಲ್ಲ, ಸಹಿ ಇಲ್ಲ.

ಇವರು ಪೇಪರಿನ ಹಿಂದಿನಿಂದಲೇ ಅಂದರು: "ಅವಳ ಪಾಡಿಗೆ ಅವಳು ಬರ್ಕೊಳ್ಳಲಿ. ನಮಗ್ಯಾಕೆ ಇಲ್ಲದ ಉಸಾಬರಿ?"

ನೀರಿನ ಕಚೇರಿಯ ಗುಮಾಸ್ತರಲ್ಲವೇ. ಹೆದರಿಕೆ ಸಹಜ. ಆದರೆ ಕುಡಿಯುವುದು ನಾವೂ ಅದೇ ನೀರು ತಾನೇ.

ಜೂನ್ 5

ತಡೆದ ಪುಟ ತೆರೆಯಲು ವಿಪಿಎನ್ ಹಾಕಿಸಿಕೊಂಡೆ. ಹಾಕಿಸಿಕೊಳ್ಳುವುದೇನು, ನಾನೇ ಹಾಕಿದೆ. ಅಂಗಡಿಯಿಂದ ಹೊಸ ರೂಟರ್ ತಂದು ಇಂಟರ್‌ನೆಟ್ ಕಂಪನಿಯವರ ಡಬ್ಬಿಗೆ ಸಿಕ್ಕಿಸಿ, ವಿಡಿಯೋ ನೋಡಿ ನೋಡಿ. ಹಸಿರು ದೀಪ ಹತ್ತಿತು. ಈಗ ನಾನು ಯಾವುದೋ ದೂರದೇಶದಲ್ಲಿ ಕೂತಿದ್ದೇನಂತೆ!

ತಂಗಿಯ ಪುಟ — ಲಭ್ಯವಿಲ್ಲ.

ಹಲ್ಲಿದ್ದರೆ ಕಡಲೆ ಇಲ್ಲ. ಹಲ್ಲು ಕಟ್ಟುವವಳಿಗೇ ಈ ಗತಿ.

ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡಿದೆ.

"ಅಮ್ಮ, ಮನೇಲಿ ಗಂಡಸರಿದ್ರೆ ಕೊಡಿ."

"ಇದ್ದಾರೆ. ಅವರಿಗೆ ಆ ಡಬ್ಬಿಯ ಸ್ವಿಚ್ ಎಲ್ಲಿದೆ ಅಂತಾನೂ ಗೊತ್ತಿಲ್ಲ. ನನಗೇ ಹೇಳಿ."

ಲೈನ್ ಕಟ್. ಆಗಲಿ. ನನಗೂ ಕೈ ಇದೆ, ಕಣ್ಣಿದೆ.

ಜೂನ್ 6

ಗೊತ್ತಿಲ್ಲದ ನಂಬರಿನಿಂದ ತಂಗಿ.

"ಎಲ್ಲಿದ್ದೀಯೇ?"

"ಅದು ಬೇಡ ಅಕ್ಕ. ಚೆನ್ನಾಗಿದ್ದೀನಿ. ನನ್ನ ಪುಟ ಬಂತಾ?"

ಇಲ್ಲವೆಂದೆ. ದೀಪ ಹಸಿರು, ಪುಟ ಇಲ್ಲ. ನಕ್ಕಳು. ಎಷ್ಟು ದಿನವಾಗಿತ್ತು ಆ ನಗು ಕೇಳಿ.

"ವಿಪಿಎನ್ ಅಂದ್ರೆ ಪರದೆ ಹಾಕಿದ ಕಾರು ಅಂದ್ಕೋ. ಎಲ್ಲಿಗೆ ಹೋಗ್ತೀಯ ಅಂತ ಯಾರಿಗೂ ಕಾಣಲ್ಲ. ಆದ್ರೆ ಹೊರಡೋ ಮುಂಚೆ ದಾರಿ ಯಾರನ್ನ ಕೇಳ್ತೀಯ?"

"ಯಾರನ್ನ?"

"ಗೇಟಿನ ವಾಚ್‌ಮನ್‌ನ! ಅವನು ಕಂಪನಿಯವನು. 'ಆ ಮನೆ ನಂಗೊತ್ತಿಲ್ಲ' ಅನ್ನು ಅಂತ ಅವನಿಗೆ ಹೇಳಿಟ್ಟಿದ್ದಾರೆ. ಆ ವಾಚ್‌ಮನ್‌ನೇ ಡಿಎನ್ಎಸ್. ರೂಟರ್ ಸೆಟ್ಟಿಂಗಲ್ಲಿ 'ಆಟೋಮ್ಯಾಟಿಕ್' ಅಂತಿದ್ರೆ ಅವನನ್ನೇ ಕೇಳುತ್ತೆ."

"ಅವನನ್ನ ಬಿಟ್ಟು ಬೇರೆಯವರನ್ನ ಕೇಳಿದ್ರೆ?"

"ನನ್ನ ಅಕ್ಕ ಅಂದ್ರೆ ಅಕ್ಕ! ಕಾರಿನ ಡ್ರೈವರ್‌ನನ್ನೇ ಕೇಳು. ವಿಪಿಎನ್‌ನವರದೇ ಡಿಎನ್ಎಸ್ ನಂಬರ್ ಇರುತ್ತೆ, ಅದನ್ನ ಹಾಕು."

ಅವಳು ಫೋನ್ ಇಟ್ಟ ಮೇಲೂ ಸ್ವಲ್ಪ ಹೊತ್ತು ಕಿವಿಗೇ ಹಿಡಿದುಕೊಂಡಿದ್ದೆ.

ಜೂನ್ 8

ನಂಬರ್ ಹಾಕಿದೆ. ಸೇವ್. ರೀಸ್ಟಾರ್ಟ್. ತೆರೆಯಿತು! ಶೀರ್ಷಿಕೆ ಕಂಡಿತು — ಅಷ್ಟರಲ್ಲಿ ಮತ್ತೆ ಹೋಯಿತು. ಒಮ್ಮೆ ಬರುತ್ತದೆ, ಹತ್ತು ಸಲ ಬರುವುದಿಲ್ಲ. ಇದೆಂಥ ಕಣ್ಣಾಮುಚ್ಚಾಲೆ.

ಇವರು ನೋಡಿದರು. ಬಂದು ವೈರನ್ನೇ ಕಿತ್ತರು.

"ಕನೆಕ್ಷನ್ ನನ್ನ ಹೆಸರಲ್ಲಿದೆ. ನಾಳೆ ಆಫೀಸಲ್ಲಿ ಕರೆಸಿ ಕೇಳಿದ್ರೆ ಏನನ್ನಲಿ? ಕೆಲಸ ಹೋದ್ರೆ ನೀನು ಸಾಕ್ತೀಯಾ?"

"ಸಾಕ್ತೀನಿ. ಊರಿನ ಅರ್ಧ ಬಾಯಿ ನನ್ನ ಹಲ್ಲಲ್ಲೇ ಅಗೀತಿದೆ."

ವೈರ್ ಅವರ ಕೈಯಲ್ಲೇ ಇತ್ತು. ಹೋಗಿ ಬಚ್ಚಲ ಬಾಗಿಲು ಹಾಕಿಕೊಂಡರು.

ನಾಳೆಯೇ ನನ್ನ ಹೆಸರಲ್ಲಿ ಬೇರೆ ಕನೆಕ್ಷನ್.

ಜೂನ್ 9

ಅದೇ ಕಂಪನಿಗೆ ಅರ್ಜಿ ಕೊಟ್ಟು ಬಂದೆ. ಸಂಜೆಯೇ ಬಂದು ಲೈನ್ ಎಳೆದು, ಡಬ್ಬಿ ಕೂರಿಸಿ ಹೋದರು. ಹೊಟ್ಟೆ ಯಾಕೋ ಸರಿಯಿಲ್ಲ. ರೂಟರ್ ಸಿಕ್ಕಿಸುವುದು ನಾಳೆ.

ಜೂನ್ 15

ಪೆನ್ನು ಹಿಡಿಯಲು ಇವತ್ತು ಸಾಧ್ಯವಾಯಿತು. ವಾಂತಿ, ಭೇದಿ, ಜ್ವರ. ಮೇಲಿನ ಮನೆಯ ನರ್ಸ್ ಬಂದು ಡ್ರಿಪ್ ಹಾಕಿದಳು. ಕಿಟಕಿಯ ಸರಳಿಗೆ ಬಾಟಲಿ ನೇತುಹಾಕಿ, ಪಕ್ಕದಲ್ಲಿ ಕೂತು ಅಂದಳು:

"ನಮ್ಮ ವಾರ್ಡಲ್ಲಿ ಮಂಚ ಖಾಲಿ ಇಲ್ಲ ಅಕ್ಕ. ನೋಡಿದ್ರೆ ಎಲ್ಲಾ ನಮ್ಮ ಬೀದಿಯವರೇ. ನೀರು ಅಂತ ನನಗೆ ಅನ್ಸುತ್ತೆ. ಬಾಯಿಬಿಟ್ಟು ಹೇಳೋರಿಲ್ಲ."

ಹೇಳಿದವಳಿದ್ದಾಳೆ. ಅವಳ ಬಾಯನ್ನೇ ಮುಚ್ಚಿದ್ದಾರೆ.

ಇವರು ಬಾಗಿಲಲ್ಲಿ ನಿಂತಿದ್ದರು. ಕೇಳಿಸಿಕೊಂಡರು. ನನ್ನ ಕಡೆ ನೋಡಲಿಲ್ಲ.

ಜೂನ್ 16, ಮಧ್ಯಾಹ್ನ

ಗೋಡೆ ಹಿಡಿದುಕೊಂಡು ಹೋಗಿ, ರೂಟರನ್ನು ಹೊಸ ಡಬ್ಬಿಗೆ ಸಿಕ್ಕಿಸಿ ಅದರ ಮುಂದೆ ಕೂತೆ. ಸೆಟ್ಟಿಂಗಿನ ಒಂದೊಂದೇ ಪುಟ ನೋಡಿದೆ. ಜ್ವರ ಬಿಟ್ಟ ತಲೆ ಎಂಥ ಹಗುರ!

ಸಿಕ್ಕಿತು. ಇಂಟರ್‌ನೆಟ್‌ಗೆ ದಾರಿ ಎರಡಂತೆ — ಹಳೇ ಥರದ್ದು, ಐಪಿವಿ6 ಅನ್ನುವ ಹೊಸ ಥರದ್ದು. ನನ್ನ ವಿಪಿಎನ್ ಕಾಯುತ್ತಿದ್ದದ್ದು ಹಳೇದನ್ನು ಮಾತ್ರ. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ಕಂಪ್ಯೂಟರ್ ಹಿತ್ತಿಲಿಂದ ಹೋಗಿ ಅದೇ ವಾಚ್‌ಮನ್‌ನನ್ನು ಕೇಳಿಕೊಂಡು ಬರುತ್ತಿತ್ತು!

ಆ ದಾರಿ ಬಂದ್ ಮಾಡಿದೆ. ಕಂಪ್ಯೂಟರ್ ನೆನಪಿಟ್ಟುಕೊಂಡಿದ್ದ ಹಳೇ ಉತ್ತರಗಳನ್ನೂ ಅಳಿಸಿದೆ.

ತೆರೆಯಿತು. ಇನ್ನೊಮ್ಮೆ. ಮತ್ತೊಮ್ಮೆ. ಹೋಗಲಿಲ್ಲ.

ತಂಗಿ ಚರಂಡಿಗಿಳಿದು ತೆಗೆದ ಫೋಟೋ. ನಮ್ಮ ಬೀದಿಯ ತಿರುವು, ನನಗೆ ಗುರುತಿದೆ. ಕುಡಿಯುವ ನೀರಿನ ಪೈಪು ಕೊಳಚೆಯೊಳಗೇ ಮಲಗಿದೆ. ಕೀಲಿನಲ್ಲಿ ಬೆರಳು ತೂರುವಷ್ಟು ಬಿರುಕು. ಕೆಳಗೆ ಅವಳದೇ ಮಾತು — "ಕುದಿಸಿ ಕುಡಿಯಿರಿ ಎಂದರೆ ಸಾಲದು. ಈ ನೀರನ್ನು ಬಾಯಿಗೆ ಹಾಕಲೇಬೇಡಿ."

ಇವರು ಯಾವಾಗ ಹಿಂದೆ ಬಂದು ನಿಂತರೋ. ಪೂರ್ತಿ ಓದಿದರು. ಅಡುಗೆಮನೆಗೆ ಹೋಗಿ ತುಂಬಿದ ಕೊಡವನ್ನು ಹಾಗೇ ಮೋರಿಗೆ ಸುರಿದರು.

ಜೂನ್ 17

ನಾನೊಬ್ಬಳು ಓದಿ ಏನು ಪ್ರಯೋಜನ? ವೈಫೈ ಪಾಸ್‌ವರ್ಡ್ ತೆಗೆದುಹಾಕಿದೆ, ಯಾರು ಬೇಕಾದರೂ ಸೇರಿ ಪುಟ ಓದಲಿ. ಹೆಸರೂ ಬದಲಾಯಿಸಿದೆ. ಈಗ ಅಕ್ಕಪಕ್ಕದ ಯಾವ ಮೊಬೈಲ್ ತೆರೆದರೂ ವೈಫೈಗಳ ಸಾಲಿನಲ್ಲಿ ನನ್ನದು ಹೀಗೆ ಕಾಣುತ್ತದೆ — "ಈ ನೀರು ಕುಡಿಯಬೇಡಿ".

ನರ್ಸ್ ಮೊದಲು ಬಂದಳು. ಆಮೇಲೆ ಎದುರುಮನೆ ಟೈಲರ್. ಸಂಜೆ ಹೊತ್ತಿಗೆ ಮೆಟ್ಟಿಲ ತುಂಬ ಜನ, ಎಲ್ಲರ ಮುಖದ ಮೇಲೂ ಮೊಬೈಲಿನ ಬೆಳಕು. ಟೈಲರ್ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಅವನ ಅಜ್ಜಿ: "ಯಾರಪ್ಪಾ ಬರೆದೋಳು ಪುಣ್ಯಾತ್ಗಿತ್ತಿ?"

"ನನ್ನ ತಂಗಿ" ಎಂದೆ. ಜೋರಾಗಿಯೇ.

ಜೂನ್ 19

ಕಂಪನಿಯಿಂದ ಫೋನ್. ಈ ಸಲ ಗಂಡಸರನ್ನು ಕೇಳಲಿಲ್ಲ.

"ಮೇಡಂ, ನಿಮ್ಮ ವೈಫೈ ಹೆಸರಿನ ಬಗ್ಗೆ ಕಂಪ್ಲೇಂಟ್ ಬಂದಿದೆ. ಬದಲಾಯಿಸಿ."

"ನೀರು ಬದಲಾಗ್ಲಿ, ಹೆಸರು ಬದಲಾಯಿಸ್ತೀನಿ."

"ವಿಚಾರಿಸೋಕೆ ಜನ ಬರ್ತಾರೆ ಮೇಡಂ..."

"ಬರ್ಲಿ. ಕುಡಿಯೋಕೆ ನಲ್ಲಿ ನೀರೇ ಕೊಡ್ತೀನಿ."

ಫೋನ್ ನಾನೇ ಇಟ್ಟೆ.

ಜೂನ್ 20, ಸಂಜೆ

ಇವರು ಬೇಗ ಬಂದರು. ಶೂ ಬಿಚ್ಚಲೂ ಇಲ್ಲ, ಕುರ್ಚಿಯಲ್ಲಿ ಕುಸಿದರು.

"ಕೇಳ್ಬಿಟ್ಟೆ ಕಣೇ. ಎಂಜಿನಿಯರ್ ಸಾಹೇಬ್ರ ಎದುರಿಗೇ. ಆ ಪೈಪು ಯಾವತ್ತು ಬದಲಾಯಿಸ್ತೀರಿ ಅಂತ."

"ಏನಂದ್ರು?"

"ನಿನಗ್ಯಾಕೆ ಇಲ್ಲದ ಉಸಾಬರಿ ಅಂದ್ರು."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಎಷ್ಟು ನಕ್ಕೆವೆಂದರೆ ನನಗೆ ಹೊಟ್ಟೆ ಹಿಡಿದುಕೊಂಡಿತು.

ಕೆಳಗೆ ಜೀಪು ನಿಂತ ಸದ್ದು. ಬೆಲ್. ಇವರೇ ಎದ್ದರು, ಅಂಗಿ ಸರಿಮಾಡಿಕೊಂಡರು. "ನೀನು ಬರೀತಿರು" ಎಂದರು. ಬಾಗಿಲು ತೆಗೆದರು. ಮೆಟ್ಟಿಲ ಮೇಲೆ ಬೂಟಿನ ಸದ್ದು. ಅದರ ಹಿಂದೆ ಚಪ್ಪಲಿಗಳ ಸದ್ದು — ಮೇಲಿಂದಲೂ, ಎದುರಿನಿಂದಲೂ. ನರ್ಸಿನ ದನಿ, ಅಜ್ಜಿಯ ಕೆಮ್ಮು. ಟೈಲರ್ ಕೇಳುತ್ತಿದ್ದಾನೆ, "ಯಾರು ಬೇಕು ನಿಮಗೆ?" ಇವರ ದನಿ ಎಲ್ಲಕ್ಕಿಂತ ಮೇಲೆ. ಇಲ್ಲಿ ಕೂತು ಬರೆಯುತ್ತಿರುವುದು ಸರಿಯಲ್ಲ, ನಾನೂ ಅವರ ಪಕ್ಕಕ್ಕೆ —