ಗೂಟದ ಕೆಂಪು ಬಟ್ಟೆ

ಆಲೂರು
12 ಆಗಸ್ಟ್ 2025

ಪ್ರತಾಪಣ್ಣನಿಗೆ,

'ಪ್ರೀತಿಯ' ಎಂದು ಬರೆಯಲು ಕೈ ಬರಲಿಲ್ಲ, ಹಾಗೇ ಬಿಟ್ಟಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನನಗೆ ಒಂದು ಮಾತು ಪೂರ್ತಿ ಆಡಲು ಬಿಡುವುದಿಲ್ಲ. ಕಾಗದವನ್ನು ಮೈಕಿನ ಹಾಗೆ ನಡುವೆ ಕಿತ್ತುಕೊಳ್ಳಲು ಆಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಚಿನ್ನಮ್ಮ ಚಿಕ್ಕಮ್ಮ ಆಗಿನಿಂದ ಊಟಕ್ಕೆ ಕರೆಯುತ್ತಿದ್ದಾರೆ. ಸಿಟ್ಟು ಬಂದಾಗ ನನಗೆ ಅನ್ನ ಇಳಿಯುವುದಿಲ್ಲ, ನಿನಗೇ ಗೊತ್ತು.

ಮೊದಲು ಒಂದು ಪ್ರಶ್ನೆ. ನನಗೆ ಮದುವೆ ಗೊತ್ತಾಗಿದೆಯಂತೆ. ಹುಡುಗ ಯಾರು? ಯಾವೂರು? ಹೇಳಿದರೆ ನಾನೂ ಒಂದು ಸೀರೆ ತೆಗೆದುಕೊಳ್ಳುತ್ತೇನೆ! ಬೆಂಗಳೂರಿನ ಕ್ರೀಡಾ ಚಾನೆಲ್‌ನವರು ಫೋನ್ ಮಾಡಿದಾಗ ನಾನು ಹಿತ್ತಲಲ್ಲಿದ್ದೆ. ನೀನು ನನ್ನ ಮೊಬೈಲ್ ಎತ್ತಿ, 'ಅವ್ಳು ಕಾಮೆಂಟ್ರಿ ಎಲ್ಲ ಬುಟ್ಬುಟ್ಟವ್ಳೆ ಕಣ್ರೀ, ಮದ್ವೆ ಗೊತ್ತಾಗೈತೆ' ಎಂದು ಹೇಳಿ, ಏನೂ ಆಗದವನ ಹಾಗೆ ಅದನ್ನು ಕಿಟಕಿಯ ಮೇಲಿಟ್ಟು ಹೋದೆ. ಶೀಲಾ ಅತ್ತಿಗೆ ಅಲ್ಲೇ ಕಾಫಿ ಸೋಸುತ್ತಿದ್ದರು. ಹೆಂಡತಿ ಯಾವತ್ತೂ ನಿನ್ನ ತಂಡದವಳೇ ಅಂತ ಧೈರ್ಯ ನಿನಗೆ. ಅವರು ಹೇಳದಿದ್ದರೆ ನನಗೆ ಕಾಮೆಂಟ್ರಿ ಟ್ರಯಲ್‌ಗೆ ಕರೆ ಬಂದದ್ದೇ ಗೊತ್ತಾಗುತ್ತಿರಲಿಲ್ಲ.

ನಾನು ಮಾಡಿದ ತಪ್ಪಾದರೂ ಏನು? ನಮ್ಮೂರು ಹಾನುಬಾಳಿನಲ್ಲಿ ನೀನು ನಿನಗೆ ಬೇಕಾದ ಹಾಗೆ ಹೇಳಿಕೊಂಡು ತಿರುಗಿದ್ದೀಯ. ನಡೆದದ್ದನ್ನು ನಾನು ಹೇಳುತ್ತೇನೆ, ಕೇಳು. ಕೆಸರುಗದ್ದೆಯಲ್ಲಿ ಸುಣ್ಣದ ಗೆರೆ ನಿಲ್ಲುವುದಿಲ್ಲ ಅಂತ ಕಬಡ್ಡಿ ಅಂಕಣದ ಸುತ್ತ ಹಗ್ಗ ಎಳೆದು, ಮೂಲೆಗೊಂದು ಗೂಟ ಹೊಡೆದು, ಅದರ ತಲೆಗೆ ಕೆಂಪು ಬಟ್ಟೆ ಕಟ್ಟುತ್ತೇವೆ. ಆಟ ಶುರುವಾದ ಮೇಲೆ ಹಗ್ಗ ಕೆಸರಲ್ಲಿ ಮುಳುಗಿ ಯಾರಿಗೂ ಕಾಣುವುದಿಲ್ಲ. ಅವತ್ತು ಹೊಂಗಡಹಳ್ಳದವರ ಮೇಲೆ ಫೈನಲ್, ಕೊನೆಯ ರೈಡ್, ಅಂಕ ಸಮಸಮ. ನೀನು ಒಬ್ಬನನ್ನು ಮುಟ್ಟಿ ಅಂಚಿನಲ್ಲೇ ಜಾರಿಕೊಂಡು ವಾಪಸು ಬಂದೆ. ರೆಫ್ರಿ ರಂಗಸ್ವಾಮಿ ಮೇಷ್ಟ್ರು ನಮ್ಮ ಕಡೆಗೆ ಕೈಯೆತ್ತಿದರು, ಊರೆಲ್ಲ ಕುಣಿಯಿತು. ಆದರೆ ಬರುವಾಗ ನಿನ್ನ ಕಾಲು ಹಗ್ಗದಾಚೆ ಬಿದ್ದು, ಪಾದಕ್ಕೆ ಹಗ್ಗ ಸಿಕ್ಕಿ, ಮೂಲೆಯ ಗೂಟ ಬಾಗಿತು. ನಾನು ಗೂಟವನ್ನೇ ನೋಡುತ್ತಿದ್ದೆ. ಕಂಡದ್ದನ್ನು ಮೈಕಿನಲ್ಲಿ ಹೇಳಿದೆ, ಗೂಟ ಅಲುಗಿದೆ, ರೈಡರ್ ಅಂಚು ದಾಟಿದ್ದಾನೆ ಅಂತ. ಮೇಷ್ಟ್ರು ಕೆಸರಿಗೆ ಕೈ ಹಾಕಿ ನೋಡಿದರೆ ಹಗ್ಗ ಒಳಕ್ಕೆ ಎಳೆದುಕೊಂಡು ಬಂದಿತ್ತು. ನಿನ್ನನ್ನು ಔಟ್ ಅಂದರು, ಕಪ್ ಹೊಂಗಡಹಳ್ಳಕ್ಕೆ ಹೋಯಿತು.

ನೀನು ಮೈತುಂಬ ಕೆಸರಿನಲ್ಲೇ ಬಂದು ಅಷ್ಟು ಜನರ ಮುಂದೆ ನನ್ನ ಕೈಯಿಂದ ಮೈಕ್ ಕಿತ್ತುಕೊಂಡೆ. ಮನೆಗೆ ಬಂದರೆ ಅವ್ವನದು ಬೇರೆ, 'ಮನೆ ಮಾನ ಮೈಕಲ್ಲಿ ಹರಾಜು ಹಾಕ್ಬುಟ್ಟೆ' ಅಂತ. ನಮ್ಮೂರ ಗದ್ದೆಯಲ್ಲಿ ಮೈಕ್ ಹಿಡಿದವರು ನಮ್ಮ ತಂಡದ ತಪ್ಪು ಹೇಳುವ ಪದ್ಧತಿ ಇಲ್ಲವಂತೆ. ಹಾಗಾದರೆ ಮೈಕ್ ಯಾಕೆ, ಬರೀ ಪಟಾಕಿ ಹೊಡೆಯಿರಿ. ಗೂಟ ನೋಡುವ ಬುದ್ಧಿ ಎಲ್ಲಿಂದ ಬಂತು ಇವಳಿಗೆ ಎಂದು ಊರವರು ನಿನ್ನೆದುರೇ ಕೇಳಿದರು. ನೀನು ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಸೋತದ್ದಕ್ಕೆ ನೀನು ಬೈದಿದ್ದರೆ, ಮಾತು ಬಿಟ್ಟಿದ್ದರೆ ಸಹಿಸುತ್ತಿದ್ದೆ. ಆದರೆ ನನ್ನ ಬದುಕಿಗೆ ಬಂದ ಕರೆಯನ್ನು ಮುರಿಯಲು ನೀನು ಯಾರು? ಕಾಲೇಜಿನಲ್ಲಿ ಮಂಡಿ ತಿರುಚಿ ನನ್ನ ಕಬಡ್ಡಿ ಮುಗಿದಾಗ ನಾನು ಹೇಗಿದ್ದೆ ಅಂತ ನೋಡಿದವನು ನೀನು. ಕಾಲಿನಿಂದ ಹೋದ ಆಟ ಬಾಯಲ್ಲಾದರೂ ಉಳಿಯಲಿ ಎಂದು ಮೈಕ್ ಹಿಡಿದೆ. ಕೆ. ಹೊಸಕೋಟೆ ಪಂದ್ಯ, ಎಸ್ಟೇಟ್ ಪಂದ್ಯ, ಎಲ್ಲಿ ಕರೆದರೂ ಗಂಟಲು ಕಟ್ಟುವ ತನಕ ಕೂಗಿದೆ. ಹೊಂಗಡಹಳ್ಳದ ಹುಡುಗರು ನಿನ್ನನ್ನು ಅಣಕಿಸಲು ಆ ರೈಡಿನ ವಿಡಿಯೋ ಹಾಕಿದರು. ಚಾನೆಲ್‌ನವರು ಅದರಲ್ಲಿ ಕೇಳಿಸಿಕೊಂಡದ್ದು ನನ್ನ ದನಿ. ನಿನಗೆ ಹೊಟ್ಟೆ ಉರಿದದ್ದು ಅದಕ್ಕೇ ಅಲ್ಲವಾ? ನಿಜ ಹೇಳು.

ನಾನೇ ಅವರಿಗೆ ಫೋನ್ ಮಾಡಿ ಮದುವೆ ಸುಳ್ಳು ಎಂದೆ. ನಾಳೆ ಬೆಳಗ್ಗೆ ಬೆಂಗಳೂರಿಗೆ ಹೊರಟಿದ್ದೇನೆ. ಅವರು ಬೇಡ ಅಂದರೂ ಸರಿ, ಸುಳ್ಳು ಹೇಳಿದೆ ಎಂದು ನೀನು ನಿನ್ನ ಬಾಯಿಂದ ಒಪ್ಪುವ ತನಕ ನಾನು ಹಾನುಬಾಳಿನ ಬಸ್ಸು ಹತ್ತುವುದಿಲ್ಲ. ಅವ್ವನಿಗೂ ಹೇಳು.

ಬೇರೆ ದಾರಿಯಿಲ್ಲದೆ ನಿನ್ನ ತಂಗಿ,
ಬಿಂದುಶ್ರೀ

ಮರೆತ ಮಾತು: ಅಂಚೆಗೆ ಹಾಕದೆ ಕಾಗದ ಬ್ಯಾಗಿನಲ್ಲೇ ಉಳಿದುಹೋಗಿತ್ತು, ಬೆಂಗಳೂರಿನಿಂದ ಕಳಿಸುತ್ತಿದ್ದೇನೆ. ಟ್ರಯಲ್ ಮುಗಿಯಿತು. ಮುಂದಿನ ತಿಂಗಳಿಂದ ಬಾ ಎಂದಿದ್ದಾರೆ. ಕಾಲು ಬಿಟ್ಟು ಗೂಟ ನೋಡುವುದನ್ನು ಯಾರು ಕಲಿಸಿದರು ಎಂದು ಅವರೂ ಕೇಳಿದರು. ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, 'ಕಾಲು ನೋಡ್ಬ್ಯಾಡ ಕಣೇ, ಕಾಲು ಸುಳ್ಳು ಹೇಳ್ತದೆ, ಗೂಟ ನೋಡು' ಎಂದ ಅಣ್ಣನ ಹೆಸರು ಹೇಳಿದೆ. ವಿಡಿಯೋದಲ್ಲಿ ಅಂಚು ದಾಟಿದ ಆ ರೈಡರ್ ಯಾರು ಅಂತಲೂ ಕೇಳಿದರು. ಅದನ್ನು ಹೇಳಲಿಲ್ಲ.